ಧ್ವನಿಗೂ ಒಂದು ಸನದು ಬೇಕು

ನಮ್ಮ ಕರಾವಳಿಯಲ್ಲಿ ಮಾತಿಗೆ ಬರಹಕ್ಕಿಂತ ಹೆಚ್ಚು ಓಟ. ತಾಳಮದ್ದಳೆಯ ಅರ್ಥಗಾರಿಕೆ, ಪಾಡ್ದನ, ಮಸೀದಿಯಂಗಳದ ಮತಪ್ರವಚನ ಎಲ್ಲವೂ ಕಿವಿಯಿಂದ ಕಿವಿಗೆ ಬಂದವು. ಕ್ಯಾಸೆಟ್ಟು ಬಂದ ಮೇಲೆ ಕಾರ್ಕಳದ ಪೇಟೆಯಲ್ಲಿ ಕೊಂಡ ಧ್ವನಿ ಗಲ್ಫಿನ ಬಾಡಿಗೆ ಕೋಣೆಗಳ ತನಕ ಹೋಯಿತು. ತಾಳಮದ್ದಳೆ ಕ್ಯಾಸೆಟ್ಟಿನ ಕವರ್ ಮೇಲೆ ಪ್ರಸಂಗ ಯಾವುದು, ಭಾಗವತರು ಯಾರು, ಕರ್ಣ ಯಾರು, ಕೃಷ್ಣ ಯಾರು ಎಂಬುದು ಅಚ್ಚಾಗಿರುತ್ತಿತ್ತು. ಮುಂದೆ ಅದೇ ಧ್ವನಿ ಎಂಪಿ3 ಆಗಿ ಪೆನ್‌ಡ್ರೈವಿಗೆ ಇಳಿದಾಗ ಕವರ್ ಕಳಚಿ ಬಿತ್ತು, ಬರೀ ಒಂದು ನಂಬರ್ ಉಳಿಯಿತು. ವಾಟ್ಸಾಪಿನಲ್ಲಿ ಅದೂ ಇಲ್ಲ.

ಇದನ್ನು ಬರೀ ಅನುಕೂಲ, ಅನಾನುಕೂಲದ ವಿಷಯವೆಂದು ನಾವು ಭಾವಿಸುವುದಿಲ್ಲ. 2021ರ ಕೊನೆಯಲ್ಲಿ ಉಡುಪಿಯ ಸರ್ಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ಹಿಜಾಬಿನ ವಿಷಯ ಎದ್ದು, 2022ರ ಮಾರ್ಚ್ 15ರಂದು ಹೈಕೋರ್ಟಿನ ತೀರ್ಪು ಬರುವವರೆಗಿನ ದಿನಗಳಲ್ಲಿ ನಮ್ಮ ಫೋನುಗಳಿಗೆ ಬಂದು ಬೀಳುತ್ತಿದ್ದ ಧ್ವನಿ ತುಣುಕುಗಳನ್ನು ನೆನೆಯಿರಿ. ಮಾತನಾಡುತ್ತಿರುವವರು ಯಾರು? ಎಂದು ಆಡಿದ ಮಾತು? ಅದರ ಹಿಂದುಮುಂದು ಎಲ್ಲಿ? ವಾಟ್ಸಾಪ್ 2018ರಿಂದ ಇಂಥವುಗಳ ಮೇಲೆ ‘ಫಾರ್ವರ್ಡೆಡ್’ ಎಂಬ ಚೀಟಿ ಅಂಟಿಸುತ್ತಿದೆ. ಮಾತು ಬೇರೆಯವರದ್ದೆಂದು ಆ ಚೀಟಿ ಹೇಳುತ್ತದೆ, ಯಾರದ್ದೆಂದು ಹೇಳುವುದಿಲ್ಲ. ಹೀಗಿರುವಾಗ ಕೇಳಿದವನು ಸಿಟ್ಟಾಗಬಹುದು, ಹೆದರಬಹುದು. ವಿಚಾರಿಸಿ ನೋಡಲು ಮಾತ್ರ ಅವನಿಗೆ ದಾರಿಯಿಲ್ಲ. ಸುದ್ದಿ ತಂದವನನ್ನು ಪರಿಶೀಲಿಸಿರಿ ಎಂದು ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯ ಬೋಧಿಸುತ್ತದೆ. ತಂದವನೇ ಕಾಣದಿದ್ದರೆ ಯಾರನ್ನು ಪರಿಶೀಲಿಸುವುದು?

ಹದೀಸ್ ವಿದ್ವಾಂಸರು ಈ ತೊಡಕನ್ನು ಸಾವಿರ ವರ್ಷಕ್ಕೂ ಹಿಂದೆಯೇ ಎದುರಿಸಿದ್ದರು. ಅವರು ಮಾತಿನ ಹೂರಣವನ್ನು ‘ಮತ್ನ್’ ಎಂದೂ ಅದು ಯಾರಿಂದ ಯಾರಿಗೆ ಬಂತು ಎಂಬ ಸರಪಳಿಯನ್ನು ‘ಸನದು’ ಎಂದೂ ಕರೆದು ಎರಡನ್ನೂ ತೂಗಿದರು. ಸನದು ಇದ್ದ ಮಾತ್ರಕ್ಕೆ ಸುಳ್ಳು ಕಟ್ಟುವವರ ಬಾಯಿ ಮುಚ್ಚಲಿಲ್ಲ. ಆದರೆ ಕೇಳುವವನ ಕೈಗೆ ಒಂದು ತಕ್ಕಡಿ ಸಿಕ್ಕಿತು.

ಇಂಥದೊಂದು ತಕ್ಕಡಿಗೆ ಇಂದಿನ ಧ್ವನಿ ಮಾಧ್ಯಮದಲ್ಲಿ ಜಾಗವಿದೆಯೇ? ಪಾಡ್‌ಕಾಸ್ಟಿನಲ್ಲಿ ಇದೆ. 2004ರಲ್ಲಿ ಹೆಸರು ಪಡೆದ ಈ ಪದ್ಧತಿ ನಿಂತಿರುವುದು ಆರ್‌ಎಸ್‌ಎಸ್ ಎಂಬುದರ ಮೇಲೆ. (ಓದುಗರು ಬೆಚ್ಚಬೇಕಿಲ್ಲ. ಇದು ರಿಯಲಿ ಸಿಂಪಲ್ ಸಿಂಡಿಕೇಷನ್, ಇದಕ್ಕೆ ಶಾಖೆಗಳಿಲ್ಲ.) ಅದೊಂದು ಸಾದಾ ಪಟ್ಟಿ. ಕಾರ್ಯಕ್ರಮದ ಹೆಸರು, ನಡೆಸುವವರು, ಪ್ರತಿ ಕಂತಿನ ದಿನಾಂಕ, ಧ್ವನಿ ಇರುವ ವಿಳಾಸ ಅದರಲ್ಲಿರುತ್ತದೆ. ಯಾವ ಆ್ಯಪ್ ಬೇಕಾದರೂ ಅದನ್ನು ಓದಬಹುದು, ಯಾರ ಅಪ್ಪಣೆಯೂ ಬೇಡ. 2024ರಲ್ಲಿ ಗೂಗಲ್ ತನ್ನ ಪಾಡ್‌ಕಾಸ್ಟ್ ಆ್ಯಪನ್ನು ಮುಚ್ಚಿದಾಗ ಕಾರ್ಯಕ್ರಮಗಳು ಸಾಯಲಿಲ್ಲ. ಕೇಳುಗರು ತಮ್ಮ ಪಟ್ಟಿಯನ್ನು ಎತ್ತಿಕೊಂಡು ಬೇರೆ ಆ್ಯಪಿಗೆ ಹೋಗಬಹುದಿತ್ತು. ಒಂದೇ ಕಂಪೆನಿಯ ಗೋಡೆಯೊಳಗೆ ಇಟ್ಟ ಧ್ವನಿಗೆ ಈ ಭಾಗ್ಯವಿಲ್ಲ. ಆಡಂ ಕರಿ ಮತ್ತು ಡೇವ್ ಜೋನ್ಸ್ 2020ರಲ್ಲಿ ಪಾಡ್‌ಕಾಸ್ಟ್ ಇಂಡೆಕ್ಸ್ ಎಂಬ ಮುಕ್ತ ಸೂಚಿಯನ್ನು ಆರಂಭಿಸಿದರು. ಅದರ ಜೊತೆಗೆ ಬೆಳೆದ ಹೊಸ ಸೌಲಭ್ಯಗಳಲ್ಲಿ ಕಂತಿನಲ್ಲಿ ಮಾತಾಡಿದವರ ಹೆಸರು ಮತ್ತು ಪಾತ್ರ, ಮಾತಿನ ಲಿಖಿತ ಪಾಠ, ಸ್ಥಳ ಇವುಗಳನ್ನು ಆ ಪಟ್ಟಿಯಲ್ಲೇ ಸೇರಿಸಲು ಅವಕಾಶವಾಯಿತು. ನಮ್ಮ ಕಣ್ಣಿಗೆ ಇದು ಕಳಚಿಬಿದ್ದ ಕ್ಯಾಸೆಟ್ ಕವರೇ.

ಆದರೆ ಕವರ್ ಒಂದೇ ಸಾಲದು. ಆಡಿದ ಮಾತು ತಪ್ಪಾಗಿತ್ತು ಎನ್ನೋಣ. ಈಗ ಏನಾಗುತ್ತದೆ? ನಡೆಸುವವರು ಸದ್ದಿಲ್ಲದೆ ಹಳೆಯ ಧ್ವನಿಯನ್ನು ತೆಗೆದು ತಿದ್ದಿದ್ದನ್ನು ಹಾಕುತ್ತಾರೆ. ಇಂದು ಕೇಳುವವನಿಗೆ ಸರಿಯಾದದ್ದು ಸಿಗುತ್ತದೆ. ನಿನ್ನೆ ಕೇಳಿದವನು ತಪ್ಪನ್ನೇ ಹೊತ್ತುಕೊಂಡು ತಿರುಗುತ್ತಾನೆ; ಕಾರ್ಕಳದ ಯಾವುದೋ ಲಾರಿ ಚಾಲಕನ ಫೋನಿನಲ್ಲಿ ಹಳೆಯದು ಹಾಗೇ ಕುಳಿತಿರುತ್ತದೆ. ಒಬ್ಬರ ಮಾನಕ್ಕೆ ಸಂಬಂಧಿಸಿದ ಮಾತಾದರೆ ಇದು ಎಂಥ ನ್ಯಾಯ? ಸತ್ಯವನ್ನು ಮುಚ್ಚಿಟ್ಟವರ ವಿಷಯದಲ್ಲಿ ಅಲ್ ಬಕರಾ ಅಧ್ಯಾಯ ತೌಬಾ ಮತ್ತು ಸುಧಾರಣೆಯ ಜೊತೆಗೆ ಮೂರನೆಯದೊಂದನ್ನೂ ಕೇಳುತ್ತದೆ: ಬಹಿರಂಗವಾಗಿ ಸ್ಪಷ್ಟಪಡಿಸುವುದು. ನಾಲ್ಕು ಜನರ ಮುಂದೆ ಆಡಿದ್ದನ್ನು ಕೋಣೆಯೊಳಗೆ ಹಿಂದೆಗೆದುಕೊಂಡರೆ ಲೆಕ್ಕ ಚುಕ್ತಾ ಆಗುವುದಿಲ್ಲ.

ಹಾಗಾಗಿ ಮುಕ್ತ ಪಾಡ್‌ಕಾಸ್ಟಿಗೆ ಸಲಕರಣೆ ರೂಪಿಸುವವರಿಂದ ನಾವು ಮೊದಲು ಕೇಳುವುದು ತಿದ್ದುಪಡಿಯ ಸೌಲಭ್ಯವನ್ನು. ನಡೆಸುವವರು ಪಟ್ಟಿಯಲ್ಲಿ ತಿದ್ದುಪಡಿ ಬರೆದ ಕೂಡಲೇ, ಆ ಕಂತನ್ನು ಕೇಳಿದವರ ಆ್ಯಪಿನಲ್ಲಿ ಅದು ಎಲ್ಲಕ್ಕಿಂತ ಮೇಲೆ ಕಾಣಬೇಕು. ಯಾರು ಏನು ಕೇಳಿದರೆಂದು ಯಾವ ಕಂಪೆನಿಗೂ ತಿಳಿಯಬೇಕಿಲ್ಲ. ಕೇಳಿದ್ದರ ಲೆಕ್ಕ ಕೇಳುಗನ ಫೋನಿನಲ್ಲೇ ಇರಬಲ್ಲದು. ಆ್ಯಪು ಹೇಗೂ ಹೊಸ ಕಂತಿಗಾಗಿ ಆ ಪಟ್ಟಿಯನ್ನು ಮತ್ತೆ ಮತ್ತೆ ನೋಡುತ್ತಿರುತ್ತದೆ. ವಾಟ್ಸಾಪಿನಲ್ಲಿ ಕೈದಾಟಿದ ತುಣುಕಿನ ಹಿಂದೆ ಓಡಲು ಇಂಥ ದಾರಿಯೇ ಇಲ್ಲ. ಹಾಗೆಯೇ ಒಂದು ನಿಮಿಷದ ಮಾತನ್ನು ಕತ್ತರಿಸಿ ಗೆಳೆಯರಿಗೆ ಕಳಿಸುವಾಗ ಪೂರ್ತಿ ಕಂತಿನ ವಿಳಾಸವೂ ಅದಕ್ಕೆ ಅಂಟಿಕೊಂಡೇ ಹೋಗುವಂತಿರಬೇಕು. ಕೇಡಿಗನು ಆ ವಿಳಾಸವನ್ನೂ ಕಿತ್ತೊಗೆಯಬಹುದು, ನಿಜ. ಆದರೆ ಜನರಿಗೆ ವಿಳಾಸ ನೋಡುವ ಅಭ್ಯಾಸವಾದರೆ ಇಲ್ಲದಿರುವುದು ಎದ್ದು ಕಾಣುತ್ತದೆ.

ಮಣಿಪಾಲದಲ್ಲಿ ಇಂಥದ್ದನ್ನು ರೂಪಿಸಬಲ್ಲ ಇಂಜಿನಿಯರಿಂಗ್ ವಿದ್ಯಾರ್ಥಿಗಳೂ ಇದ್ದಾರೆ, 90.4ರ ಸಮುದಾಯ ಬಾನುಲಿಯೂ ಇದೆ. ನಮ್ಮ ದೇಶದಲ್ಲಿ ಸಮುದಾಯ ಬಾನುಲಿಗಳು ಸ್ವಂತ ಸುದ್ದಿ ಪ್ರಸಾರ ಮಾಡುವಂತಿಲ್ಲ, ಅವುಗಳ ಅಲೆಗಳೂ ಬಹು ದೂರ ಹೋಗವು. ಕಾರ್ಕಳದ ಹಳ್ಳಿಗೂ ಶಾರ್ಜಾಕ್ಕೂ ಒಂದೇ ಮಾತು ಮುಟ್ಟಬೇಕಾದರೆ ಪಾಡ್‌ಕಾಸ್ಟೇ ಹತ್ತಿರದ ದಾರಿ.

ಆದರೆ ಸನದಿನ ಮಾತಿಗೆ ಗಟ್ಟಿಯಾದ ಆಕ್ಷೇಪ ಒಂದಿದೆ. ಕಾಪುವಿನ ಹೆಣ್ಣುಮಗಳೊಬ್ಬಳು ವರದಕ್ಷಿಣೆಯ ಕಿರುಕುಳದ ಬಗ್ಗೆ ಬ್ಯಾರಿ ಭಾಷೆಯಲ್ಲಿ ಮಾತಾಡಬಯಸಿದಳು ಎನ್ನಿ. ಅವಳ ಹೆಸರನ್ನೂ ಹಾಕಬೇಕೇ? ಕತೆ ಬರೆಯುವ ನಮಗೆ ಹೆಸರು ಬದಲಿಸಿ, ಊರು ಬದಲಿಸಿ ಹೇಳುವ ಸ್ವಾತಂತ್ರ್ಯವಿದೆ. ಧ್ವನಿಗೆ ಅದಿಲ್ಲ. ಹೆಸರು ಮುಚ್ಚಿದರೂ ಕಾಪುವಿನ ಪೇಟೆಯಲ್ಲಿ “ಇದು ಇಂಥವರ ಮಗಳಲ್ಲವಾ” ಎನ್ನಲು ಎರಡು ವಾಕ್ಯ ಸಾಕು. ಹದೀಸಿನ ಸನದಿನಲ್ಲಿ ಹೆಸರಿಲ್ಲದ ರಾವಿಯಿದ್ದರೆ ಆ ಸರಪಳಿ ದುರ್ಬಲ. ಆದರೆ ಈಕೆ ಹದೀಸ್ ಹೇಳುತ್ತಿಲ್ಲ, ತನ್ನ ನೋವು ಹೇಳುತ್ತಿದ್ದಾಳೆ. ಇಲ್ಲಿ ಸರಪಳಿಯ ಭಾರವನ್ನು ಕಾರ್ಯಕ್ರಮ ನಡೆಸುವವರು ಹೊರಬೇಕು: ಅವರ ಹೆಸರು, ವಿಳಾಸ ಕಾಣಲಿ, ಈ ಮಾತಿಗೆ ನಾವು ಹೊಣೆ ಎಂದು ಅವರು ಬರೆಯಲಿ. ಅವಳ ಮಾತನ್ನು ಬೇರೊಬ್ಬ ಹೆಂಗಸು ಓದಲಿ, ಹಾಗೆ ಓದಿದ್ದೆಂದು ಪಟ್ಟಿಯಲ್ಲಿ ದಾಖಲಾಗಲಿ. ಅಸಲು ಧ್ವನಿ ನಡೆಸುವವರ ಬಳಿ ಅಮಾನತ್ತಾಗಿ ಇರಲಿ. ಎಷ್ಟು ವರ್ಷ ಇರಬೇಕು, ನಾಳೆ ನ್ಯಾಯಾಲಯ ಕೇಳಿದರೆ ಕೊಡಬೇಕೇ ಎಂಬುದನ್ನು ಧ್ವನಿಮುದ್ರಣದ ಗುಂಡಿ ಒತ್ತುವ ಮೊದಲೇ ಅವಳೊಡನೆ ಕುಳಿತು ಮಾತಾಡಿಕೊಳ್ಳಬೇಕು.