ಒಗ್ಗದಿರುವುದು ದೇಹದ ಭ್ರಮೆಯೇ?

ಓರೆಕೋರೆ ಹಲ್ಲುಗಳನ್ನು ಸಾಲಿಗೆ ತರುವ ಪಾರದರ್ಶಕ ಪ್ಲಾಸ್ಟಿಕ್ ಅಲೈನರ್ ದಿನಕ್ಕೆ 20ರಿಂದ 22 ಗಂಟೆ ಬಾಯಲ್ಲೇ ಇರಬೇಕು. ಬಹುತೇಕರಿಗೆ ಅದು ಒಗ್ಗುತ್ತದೆ. ಅಪರೂಪಕ್ಕೆ ಕೆಲವರಲ್ಲಿ ವಸಡು ಉರಿಯುತ್ತದೆ, ತುಟಿ ನಾಲಿಗೆಗಳು ಊದಿಕೊಳ್ಳುತ್ತವೆ, ಮೈಮೇಲೆ ದದ್ದು ಏಳುತ್ತದೆ, ಗಂಟಲು ಬಿಗಿಯುತ್ತದೆ. ಅಲೈನರ್‌ಗಳಿಂದ ತೊಂದರೆಯಾಯಿತೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತಕ್ಕೆ 2006ರಿಂದ 2016ರವರೆಗೆ ಬಂದ ವರದಿಗಳಲ್ಲಿ 173ನ್ನು ಸಂಶೋಧಕರು ಪರಿಶೀಲಿಸಿದ್ದಾರೆ. ಅವುಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಂಡದ್ದು ಉಸಿರಾಟದ ತೊಂದರೆ. ವರದಿ ಬಂದ ಮಾತ್ರಕ್ಕೆ ಅಲೈನರೇ ಕಾರಣವೆಂದು ಸಿದ್ಧವಾಗುವುದಿಲ್ಲ. ಆದರೂ ತಳ್ಳಿಹಾಕುವಂಥ ಸಂಗತಿ ಇದಲ್ಲ.

ಅಲರ್ಜಿಯನ್ನು ಸಾಮಾನ್ಯವಾಗಿ ದೇಹದ ತಪ್ಪುಗ್ರಹಿಕೆ ಎಂದೇ ವಿವರಿಸುವುದುಂಟು: ನಿರುಪದ್ರವಿ ವಸ್ತುವನ್ನು ದೇಹ ಶತ್ರುವೆಂದು ಬಗೆಯಿತು ಎಂದು. ತಪ್ಪಾಗಿ ತಿಳಿಯುವುದು ಎಂದರೇನೆಂಬ ಪ್ರಶ್ನೆಯನ್ನು ಭಾರತೀಯ ದರ್ಶನಗಳು ಖ್ಯಾತಿವಾದವೆಂಬ ಹೆಸರಿನಲ್ಲಿ ಶತಮಾನಗಳ ಕಾಲ ಚರ್ಚಿಸಿವೆ. ಕಪ್ಪೆಚಿಪ್ಪು ಬೆಳ್ಳಿಯಾಗಿ ಕಂಡಾಗ ಒಂದು ವಸ್ತು ಇನ್ನೊಂದಾಗಿ ತೋರಿತು ಎನ್ನುವುದು ನೈಯಾಯಿಕರ ಅನ್ಯಥಾಖ್ಯಾತಿ. ಎದುರಿನ ವಸ್ತುವನ್ನು ಕಾಣುವುದೂ ಹಿಂದೆ ಕಂಡ ಬೆಳ್ಳಿಯ ನೆನಪೂ ಬೇರೆಬೇರೆ. ಆ ಭೇದ ಅರಿವಿಗೆ ಬಾರದಿರುವುದಷ್ಟೇ ಭ್ರಮೆ ಎನ್ನುತ್ತಾರೆ ಪ್ರಾಭಾಕರ ಮೀಮಾಂಸಕರು. ರಾಮಾನುಜರು ಇನ್ನೂ ಮುಂದೆ ಹೋಗುತ್ತಾರೆ. ಅವರ ಯಥಾರ್ಥಖ್ಯಾತಿಯ ಪ್ರಕಾರ ಚಿಪ್ಪಿನಲ್ಲಿ ಬೆಳ್ಳಿಯ ಅಂಶ ನಿಜವಾಗಿಯೂ ಇದೆ. ಅದು ವ್ಯವಹಾರಕ್ಕೆ ಒದಗದಷ್ಟು ಅಲ್ಪವಾದ್ದರಿಂದ ಆ ಜ್ಞಾನವನ್ನು ಭ್ರಮೆ ಎನ್ನುತ್ತೇವೆ.

ಇಪ್ಪತ್ತನೆಯ ಶತಮಾನದ ರೋಗನಿರೋಧ ವಿಜ್ಞಾನ ಬಹುಕಾಲ ಇವುಗಳಲ್ಲಿ ಮೊದಲನೆಯದಾದ ಅನ್ಯಥಾಖ್ಯಾತಿಯ ದಾರಿಯಲ್ಲೇ ನಡೆಯಿತು. ದೇಹ 'ತನ್ನದು', 'ಪರರದು' ಎಂದು ವಿಂಗಡಿಸುತ್ತದೆ ಎಂಬ ಚೌಕಟ್ಟನ್ನು ಬೆಳೆಸಿದ ಮ್ಯಾಕ್‌ಫರ್ಲೇನ್ ಬರ್ನೆಟ್ 1960ರ ನೊಬೆಲ್ ಪುರಸ್ಕಾರವನ್ನು ಹಂಚಿಕೊಂಡರು. ಆದರೆ ತಾಯಿಯ ದೇಹ ಗರ್ಭದ ಶಿಶುವನ್ನು ಹೊರದೂಡುವುದಿಲ್ಲ. ಕರುಳು ಅಸಂಖ್ಯ ಬ್ಯಾಕ್ಟೀರಿಯಾಗಳನ್ನು ಸಾಕುತ್ತದೆ. ಬಾಯಂತೂ ಪ್ರತಿ ತುತ್ತಿನಲ್ಲೂ ಪರವಸ್ತುವನ್ನು ಬರಮಾಡಿಕೊಳ್ಳುತ್ತದೆ. ಪರರದು ಎಂಬುದೊಂದೇ ಕಾರಣವಾಗಲಾರದು. 1994ರಲ್ಲಿ ರೋಗನಿರೋಧ ವಿಜ್ಞಾನಿ ಪಾಲಿ ಮ್ಯಾಟ್ಜಿಂಗರ್, ದೇಹ ಸ್ಪಂದಿಸುವುದು ಪರಕೀಯತೆಗಲ್ಲ, ಅಪಾಯದ ಸುಳಿವಿಗೆ ಎಂದು ವಾದಿಸಿದರು.

ಸ್ಪರ್ಶದಿಂದಾಗುವ ಅಲರ್ಜಿಯ ಬಗೆ ಇಲ್ಲಿ ಮುಖ್ಯವಾಗುತ್ತದೆ. ಕೆಲವು ರಾಸಾಯನಿಕಗಳ ಅಣುಗಳು ಎಷ್ಟು ಚಿಕ್ಕವೆಂದರೆ ನಿರೋಧಕ ಕೋಶಗಳು ಅವುಗಳನ್ನು ನೇರವಾಗಿ ಗುರುತಿಸಲಾರವು. ಅವು ದೇಹದ್ದೇ ಪ್ರೋಟೀನಿಗೆ ಅಂಟಿಕೊಂಡು ಅದರ ರೂಪ ಬದಲಿಸಿದಾಗ ಮಾತ್ರ ಕೋಶಗಳು ಎಚ್ಚೆತ್ತುಕೊಳ್ಳುತ್ತವೆ. ಹಲವು ಅಲೈನರ್‌ಗಳು ಪಾಲಿಯುರೆಥೇನ್‌ನಿಂದ ಆದವು; ಅದರ ತಯಾರಿಕೆಗೆ ಬಳಸುವ ಐಸೊಸಯನೇಟ್‌ಗಳು ಕಾರ್ಖಾನೆಯ ಕಾರ್ಮಿಕರಲ್ಲಿ ಅಲರ್ಜಿ ತರುವುದು ತಿಳಿದ ವಿಷಯ. ಮೊದಲ ಸ್ಪರ್ಶದಲ್ಲಿ ಹೊರಗೆ ಏನೂ ಕಾಣದಿರಬಹುದು. ಆದರೆ ಕೋಶಗಳಲ್ಲಿ ಆ ನೆನಪು ಉಳಿಯುತ್ತದೆ, ಮುಂದಿನ ಸ್ಪರ್ಶದಲ್ಲಿ ಉರಿಯೂತವಾಗಿ ಹೊರಬೀಳುತ್ತದೆ. ಪ್ರಾಭಾಕರರು ನೆನಪಿಗೆ ಕೊಟ್ಟ ಪಾಲು ಇಲ್ಲೂ ಇದೆ.

ಹೀಗೆ ನೋಡಿದರೆ ರಾಮಾನುಜರ ಉತ್ತರವೇ ಹೆಚ್ಚು ಹೊಂದುತ್ತದೆ. ದೇಹ ಇಲ್ಲದ್ದನ್ನು ಕಂಡಿಲ್ಲ. ತನ್ನದೇ ಪ್ರೋಟೀನಿನಲ್ಲಿ ನಿಜವಾಗಿ ಆದ ಅಲ್ಪ ಬದಲಾವಣೆಗೆ ಅದು ಸ್ಪಂದಿಸಿದೆ. ದೋಷವಿರುವುದು ಆ ಸ್ಪಂದನೆಯ ಅತಿರೇಕದಲ್ಲಿ. ಖ್ಯಾತಿವಾದಿಗಳು ಚೇತನದ ಅರಿವನ್ನು ಕುರಿತು ಮಾತಾಡಿದರು, ಜಡದೇಹವನ್ನಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಹಾಗಿದ್ದರೆ 'ದೇಹ ತಪ್ಪು ತಿಳಿಯಿತು' ಎಂಬ ಮಾತೂ ಅದೇ ಆಕ್ಷೇಪಕ್ಕೆ ಗುರಿಯಾಗುತ್ತದೆ: ಚೇತನದ ಧರ್ಮವನ್ನು ಜಡದ ಮೇಲೆ ಹೊರಿಸುವುದನ್ನು ಅದ್ವೈತ ವೇದಾಂತ ಅಧ್ಯಾಸವೆಂದು ಕರೆದಿದೆ.

ಈ ವಿಚಾರ ಚಿಕಿತ್ಸೆಯ ಕೋಣೆಗೂ ಸಲ್ಲುತ್ತದೆ. ಅಲರ್ಜಿಯನ್ನು ಭ್ರಮೆ ಎಂದವರಿಗೆ ರೋಗಿಯ ದೂರೂ ಭ್ರಮೆಯಾಗಿ ಕೇಳಿಸುವ ಅಪಾಯವಿದೆ. ಉರಿ ಎಂದವರ ಮಾತನ್ನು ಮೊದಲು ನಂಬಬೇಕು, ಶಂಕಿತ ವಸ್ತುವನ್ನು ಚರ್ಮಕ್ಕೆ ತಾಗಿಸಿ ನೋಡುವ ಪ್ಯಾಚ್ ಪರೀಕ್ಷೆಯಿಂದ ಕಾರಣ ಹುಡುಕಬೇಕು, ಬೇರೆ ವಸ್ತುವಿನ ಸಾಧನವನ್ನು ಯೋಚಿಸಬೇಕು; ಲೋಹದ ಕ್ಲಿಪ್ಪಿನಲ್ಲಿರುವ ನಿಕಲ್ ಕೂಡ ಕೆಲವರಿಗೆ ಆಗಿಬರುವುದಿಲ್ಲ ಎಂಬುದನ್ನು ಮರೆಯಬಾರದು. ನಾಲಿಗೆ ಊದಿದರೆ, ಗಂಟಲು ಬಿಗಿದರೆ ಅಲೈನರನ್ನು ತೆಗೆದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು.