ಕೊಯ್ಲಿನ ನಂತರದ ಜೀವ

ಗಿಡದಿಂದ ಬೇರ್ಪಟ್ಟ ಕಾಯಿಯಲ್ಲಿ ಜೀವವಿದೆಯೇ ಎಂಬ ಪ್ರಶ್ನೆಯನ್ನು ಜೈನ ದರ್ಶನವು ಆಹಾರದ ನಿಯಮವಾಗುವಷ್ಟು ಗಂಭೀರವಾಗಿ ಕೈಗೆತ್ತಿಕೊಂಡಿತು. ಅದರ ಪ್ರಕಾರ ಸಸ್ಯವು ಏಕೇಂದ್ರಿಯ ಜೀವ, ಎಂದರೆ ಸ್ಪರ್ಶವೆಂಬ ಒಂದೇ ಇಂದ್ರಿಯವುಳ್ಳ ಜೀವ; ಆ ಸ್ಪರ್ಶದ ಎಂಟು ಬಗೆಗಳಲ್ಲಿ ಮೃದು, ಕಠಿಣ, ಗುರು, ಲಘು, ಸ್ನಿಗ್ಧ, ರೂಕ್ಷಗಳ ಜೊತೆಗೆ ಶೀತ ಮತ್ತು ಉಷ್ಣಗಳೂ ಸೇರಿವೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಗೃಹಸ್ಥನಿಗೆ ವಿಧಿಸುವ ಹನ್ನೊಂದು ಪ್ರತಿಮೆಗಳಲ್ಲಿ, ಅಂದರೆ ಸಾಧನೆಯ ಮೆಟ್ಟಿಲುಗಳಲ್ಲಿ, ಐದನೆಯದು ಸಚಿತ್ತತ್ಯಾಗ: ಜೀವವಿರುವ ಹಸಿ ಬೇರು, ಗಡ್ಡೆ, ಕಾಯಿ, ಸೊಪ್ಪುಗಳನ್ನು ತಿನ್ನದಿರುವುದು. ಬೇಯಿಸಿಯೋ ಒಣಗಿಸಿಯೋ ಜೀವರಹಿತವಾದುದನ್ನು ಪ್ರಾಸುಕವೆನ್ನುತ್ತಾರೆ. ಕೊಯ್ದ ಮಾತ್ರಕ್ಕೆ ಕಾಯಿ ಸಾಯುವುದಿಲ್ಲ ಎಂಬ ತಿಳಿವಳಿಕೆ ಈ ವ್ರತದ ತಳಹದಿಯಾಗಿದೆ.

ಶೀತಲಗೃಹದಲ್ಲಿರುವ ತರಕಾರಿಯನ್ನು ಪರಿಶೀಲಿಸಿದ ಜೀವವಿಜ್ಞಾನವೂ ಈ ಒಂದು ಅಂಶವನ್ನು ಒಪ್ಪುತ್ತದೆ. ಕೊಯ್ದ ಕಾಯಿ ಉಸಿರಾಡುತ್ತಲೇ ಇರುತ್ತದೆ, ಮತ್ತು ತಂಪು ತಗುಲಿದೊಡನೆ ಅದರ ಜೀವಕೋಶಗಳಲ್ಲಿನ ವಂಶವಾಹಿಗಳು, ಎಂದರೆ ತಲೆಮಾರಿನಿಂದ ತಲೆಮಾರಿಗೆ ಸಾಗಿಬರುವ ಡಿಎನ್‌ಎಯ ಸೂಚನೆಗಳು, ತಮ್ಮ ಕೆಲಸವನ್ನು ಬದಲಿಸಿಕೊಳ್ಳುತ್ತವೆ. 1990ರ ದಶಕದಲ್ಲಿ ಅರಬಿಡಾಪ್ಸಿಸ್ ಎಂಬ ಪುಟ್ಟ ಸಸ್ಯದಲ್ಲಿ ಗುರುತಿಸಲಾದ ಸಿಬಿಎಫ್ ಎಂಬ ವಂಶವಾಹಿಗಳು ಚಳಿಯಲ್ಲಿ ಎಚ್ಚೆತ್ತು, ರಕ್ಷಣೆಗೆ ಬೇಕಾದ ಇತರ ಅನೇಕ ವಂಶವಾಹಿಗಳನ್ನು ಚಾಲನೆಗೊಳಿಸುತ್ತವೆ. ಅರಬಿಡಾಪ್ಸಿಸ್‌ನ ಸಸ್ಯಕುಟುಂಬಕ್ಕೇ ಸೇರಿದ ಎಲೆಕೋಸು ಸೊನ್ನೆ ಡಿಗ್ರಿಯ ಸಮೀಪದಲ್ಲಿ ತಿಂಗಳುಗಟ್ಟಲೆ ಬಾಳುತ್ತದೆ. ಉಷ್ಣವಲಯ ಮೂಲದ ಟೊಮೇಟೊದಲ್ಲಿಯೂ ಸಿಬಿಎಫ್ ಇದೆ, ಆದರೆ ಅದು ಚಾಲನೆಗೊಳಿಸುವ ವಂಶವಾಹಿಗಳು ತೀರ ಕಡಿಮೆ. ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಹುಕಾಲ ಇಟ್ಟರೆ ಕಾಯಿಯ ಮೇಲೆ ಕುಳಿಗಳು ಬೀಳುತ್ತವೆ, ಹಣ್ಣಾಗುವ ಕ್ರಿಯೆ ಕುಂಠಿತವಾಗುತ್ತದೆ. ತಂಪಿನಲ್ಲಿಟ್ಟ ಟೊಮೇಟೊ ಪರಿಮಳ ಕಳೆದುಕೊಳ್ಳುವಾಗ ಅದರ ಡಿಎನ್‌ಎಯ ಮೇಲಿನ ರಾಸಾಯನಿಕ ಗುರುತುಗಳೂ ತಾತ್ಕಾಲಿಕವಾಗಿ ಬದಲಾಗುತ್ತವೆ ಎಂಬುದನ್ನು 2016ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಆಲೂಗಡ್ಡೆಯಲ್ಲಾದರೋ ಚಳಿಗೆ ಪಿಷ್ಟ ಕರಗಿ ಸಕ್ಕರೆಯಾಗುತ್ತದೆ, ಹಾಗೆ ಸಿಹಿಯಾದ ಗಡ್ಡೆ ಎಣ್ಣೆಯಲ್ಲಿ ಕರಿದಾಗ ಕಪ್ಪಾಗುತ್ತದೆ. ಇನ್ವರ್ಟೇಸ್ ಎಂಬ ಕಿಣ್ವದ ಒಂದೇ ವಂಶವಾಹಿಯನ್ನು ತಡೆದರೆ ಈ ಬದಲಾವಣೆ ಬಹುಮಟ್ಟಿಗೆ ನಿಲ್ಲುವುದೆಂದು 2010ರಲ್ಲಿ ಸಿದ್ಧವಾಯಿತು.

ಇಷ್ಟರಿಂದ ತರಕಾರಿಗೆ ಚಳಿಯ ಅನುಭವವಿದೆಯೆಂದು ತೀರ್ಮಾನಿಸುವುದು ಅವಸರವಾದೀತು. ಪ್ರತಿಕ್ರಿಯೆ ಬೇರೆ, ಅನುಭವ ಬೇರೆ. ಗ್ರೀಸಿನ ಅರಿಸ್ಟಾಟಲ್ ಸಸ್ಯಕ್ಕೆ ಪೋಷಣೆ ಮತ್ತು ವೃದ್ಧಿಯ ಆತ್ಮವನ್ನು ಒಪ್ಪಿದರೂ ಸಂವೇದನೆಯನ್ನು ಒಪ್ಪಲಿಲ್ಲ. ಜೈನರು ಸಸ್ಯಕ್ಕೆ ಸ್ಪರ್ಶದ ಅರಿವನ್ನೇ ಒಪ್ಪಿದರು. ವಂಶವಾಹಿಯ ಚಲನೆಯನ್ನು ಅಳೆಯುವ ಉಪಕರಣವು ಇವೆರಡರಲ್ಲಿ ಯಾವುದು ನಿಜವೆಂದು ಹೇಳಲಾರದು, ಏಕೆಂದರೆ ಅದು ಕಾಣುವುದು ಜೀವದ ನಡೆಯನ್ನೇ ಹೊರತು ಅದರ ಒಳಗನ್ನಲ್ಲ. ಆದರೆ ಕೊಯ್ಲೇ ಮರಣವೆಂಬ ಲೋಕರೂಢಿಯ ಭಾವನೆಯನ್ನು ಅದು ಖಂಡಿತವಾಗಿ ಅಲ್ಲಗಳೆಯುತ್ತದೆ. ಸಸ್ಯದ ಸಾವು ಒಂದು ಕ್ಷಣದಲ್ಲಿ ಘಟಿಸುವುದಲ್ಲ. ಅದು ಕೋಶಕೋಶಗಳಲ್ಲಿ ನಿಧಾನವಾಗಿ ನಡೆಯುತ್ತದೆ, ಮೊಳಕೆಯೊಡೆಯುವ ಆಲೂಗಡ್ಡೆಯಲ್ಲಿ ಹೊಸ ಹುಟ್ಟಿಗೂ ದಾರಿ ಬಿಡುತ್ತದೆ.

ಈ ತಿಳಿವಳಿಕೆಯಿಂದ ಹುಟ್ಟುವ ಧರ್ಮಪ್ರಶ್ನೆ ತರಕಾರಿಯನ್ನು ತಿನ್ನಬಹುದೇ ಎಂಬುದಕ್ಕಿಂತ ಮುಂದೆ ಹೋಗುತ್ತದೆ. ದೇಹಧಾರಿಯು ಮತ್ತೊಂದು ಜೀವವನ್ನು ಉಣ್ಣದೆ ಬದುಕಲಾರನೆಂಬುದನ್ನು ಜೈನ ಆಚಾರ್ಯರೂ ಬಲ್ಲವರಾಗಿದ್ದರು; ಆದ್ದರಿಂದಲೇ ಅವರು ಗೃಹಸ್ಥನಿಗೆ ಸ್ಥಾವರ ಜೀವಗಳ, ಎಂದರೆ ಸಸ್ಯದಂಥ ಏಕೇಂದ್ರಿಯ ಜೀವಗಳ, ವಿಷಯದಲ್ಲಿ ಪೂರ್ಣ ಅಹಿಂಸೆಯನ್ನು ವಿಧಿಸದೆ, ನಿಷ್ಪ್ರಯೋಜಕವಾದ ಹಿಂಸೆಯನ್ನು ಅನರ್ಥದಂಡವೆಂದು ಕರೆದು ನಿಷೇಧಿಸಿದರು. ಈ ವಿವೇಕವನ್ನು ಅನ್ವಯಿಸಿದರೆ, ಟೊಮೇಟೊವನ್ನು ಅದು ಸಹಿಸಲಾರದ ಚಳಿಯಲ್ಲಿ ತುಂಬಿಟ್ಟು ಕೆಡಿಸಿ ತಿಪ್ಪೆಗೆ ಸುರಿಯುವುದು ಹಣದ ನಷ್ಟವಷ್ಟೇ ಆಗದೆ, ಯಾರ ಹಸಿವನ್ನೂ ನೀಗದ ಹಿಂಸೆಯೂ ಆಗುತ್ತದೆ. ಪ್ರತಿಯೊಂದು ತಳಿಯ ಸಹನೆಯ ಮಿತಿಯನ್ನು ವಂಶವಾಹಿಯ ಮಟ್ಟದಲ್ಲಿ ಅರಿಯುವ ವಿಜ್ಞಾನವು ಆ ಹಿಂಸೆಯನ್ನು ತಗ್ಗಿಸುವ ಸಾಧನವನ್ನು ಒದಗಿಸಿದೆ. ಸಸ್ಯಕ್ಕೆ ಅರಿವುಂಟೆಂಬ ನಂಬಿಕೆ ಇಲ್ಲದವನೂ, ಇನ್ನೂ ಜೀವಂತವಾಗಿರುವುದನ್ನು ತನ್ನ ವಶದಲ್ಲಿರಿಸಿಕೊಂಡ ಮೇಲೆ ಅದು ಆಹಾರವಾಗುವವರೆಗೆ ಕಾಪಾಡುವ ಹೊಣೆಯಿಂದ ತಪ್ಪಿಸಿಕೊಳ್ಳಲಾರನು.