ಹೊಲಿದ ಹಡಗು, ಹಿಟ್ಟಿನ ಕೋಳಿ

ಜಿನಬಿಂಬದ ಮುಂದೆ ಕೈಮುಗಿದು ನಿಂತ ಶ್ರಾವಕನನ್ನು, "ಈ ಶಿಲೆಯೇ ತೀರ್ಥಂಕರನೋ?" ಎಂದು ಯಾರಾದರೂ ಕೇಳಿದರೆ ಅವನು ಹೌದೆನ್ನಲಾರ, ಅಲ್ಲವೆನ್ನಲೂ ಆರ. ಸಿದ್ಧಪದವಿಯನ್ನು ಹೊಂದಿದ ಆತ್ಮ ಮರಳಿ ಶಿಲೆಗೆ ಇಳಿದು ಬರುವುದಿಲ್ಲವೆಂಬುದು ನಮ್ಮ ಸಿದ್ಧಾಂತ. ಆದರೂ ಆ ಬಿಂಬದ ಮುಂದೆ ನಾವು ಅಸತ್ಯವನ್ನು ಆಚರಿಸುತ್ತಿಲ್ಲವೆಂಬ ನಿಶ್ಚಯ ನಮಗಿದೆ. ಈ ಹಳೆಯ ಪ್ರಶ್ನೆ ಇತ್ತೀಚೆಗೆ ನನ್ನನ್ನು ಮತ್ತೆ ಕಾಡಿದ್ದು ಬಸದಿಯಲ್ಲಲ್ಲ. ಒಂದು ಮರದ ಹಡಗಿನ ವೃತ್ತಾಂತವನ್ನು ಓದುತ್ತಿದ್ದಾಗ.

2025ರ ಮೇ 21ರಂದು ಭಾರತೀಯ ನೌಕಾಪಡೆಯು ಕಾರವಾರದ ನೌಕಾನೆಲೆಯಲ್ಲಿ ಹಾಯಿಹಡಗೊಂದನ್ನು ತನ್ನ ಬಳಗಕ್ಕೆ ಸೇರಿಸಿಕೊಂಡು, ಪೂರ್ವಸಮುದ್ರವನ್ನು ದಾಟಿದನೆಂದು ಐತಿಹ್ಯವಿರುವ ನಾವಿಕನ ಹೆಸರನ್ನು ಅದಕ್ಕಿಟ್ಟು 'ಕೌಂಡಿನ್ಯ' ಎಂದು ಕರೆಯಿತು. ಈ ಹಡಗಿನ ಹಲಗೆಗಳನ್ನು ಮೊಳೆ ಹೊಡೆದು ಕೂಡಿಸಿಲ್ಲ. ತೆಂಗಿನ ನಾರಿನ ಹುರಿಯಿಂದ ಹೊಲಿಯಲಾಗಿದೆ. 2023ರ ಸೆಪ್ಟೆಂಬರ್ 12ರಂದು ಗೋವೆಯಲ್ಲಿ ಅದರ ತಳದ ಮರವನ್ನಿಟ್ಟರು. ಕೇರಳದ ಕುಶಲಿ ಬಾಬು ಶಂಕರನ್ ಅವರ ಮುಂದಾಳುತನದಲ್ಲಿ ಕೆಲಸಗಾರರು ತಿಂಗಳುಗಟ್ಟಲೆ ಕುಳಿತು ಹೊಲಿದರು. 2025ರ ಫೆಬ್ರವರಿಯಲ್ಲಿ ಅದು ನೀರಿಗಿಳಿಯಿತು. ಅದೇ ವರ್ಷದ ಡಿಸೆಂಬರ್ 29ರಂದು ಪೋರಬಂದರಿನಿಂದ ಹೊರಟು, ಗಾಳಿಯನ್ನೇ ನಂಬಿ, 2026ರ ಜನವರಿಯಲ್ಲಿ ಮಸ್ಕತ್ತನ್ನು ಮುಟ್ಟಿತು.

ಇದನ್ನು ಐದನೆಯ ಶತಮಾನದ ಹಡಗಿನ ಪ್ರತಿಕೃತಿ ಎನ್ನುತ್ತಾರೆ. ಆದರೆ ಆ ಶತಮಾನದ ಯಾವ ಹಡಗನ್ನು ನೋಡಿ ಇದನ್ನು ಕಟ್ಟಿದರು? ಯಾವುದನ್ನೂ ಅಲ್ಲ. ಅವರ ಮುಂದಿದ್ದುದು ಅಜಂತೆಯ ಬೌದ್ಧ ಗುಹೆಯ ಗೋಡೆಯ ಮೇಲಿನ ಒಂದು ವರ್ಣಚಿತ್ರ. ಚಿತ್ರಕಾರನು ಕಥೆ ಹೇಳಲು ಹಡಗನ್ನು ಬರೆದನೇ ಹೊರತು ಬಡಗಿಗೆ ಅಳತೆ ಕೊಡಲು ಅಲ್ಲ. ನೀರಿನೊಳಗೆ ಮುಳುಗುವ ಭಾಗದ ಆಕಾರವೇನು, ಕೂವೆಮರ ಎಷ್ಟು ಭಾರ ತಡೆಯಬೇಕು, ಚುಕ್ಕಾಣಿಯಿಲ್ಲದೆ ಬರಿಯ ಹುಟ್ಟುಗಳಿಂದ ದಿಕ್ಕು ತಿರುಗಿಸುವ ಬಗೆಯೇನು - ಇವೆಲ್ಲವನ್ನೂ ಊಹಿಸಿ, ಮದರಾಸಿನ ಐಐಟಿಯಲ್ಲಿ ಮಾದರಿಯನ್ನು ನೀರಿನಲ್ಲಿ ಪರೀಕ್ಷಿಸಿ ನಿರ್ಣಯಿಸಬೇಕಾಯಿತು. ಅದರ ಹಾಯಿಯ ಮೇಲೆ ನಮಗೆಲ್ಲ ಪ್ರಿಯವಾದ ಗಂಡಭೇರುಂಡವಿದೆ, ಮೂತಿಯಲ್ಲಿ ಸಿಂಹಯಾಳಿಯಿದೆ, ಅಟ್ಟದ ಮೇಲೆ ಹರಪ್ಪಾ ಮಾದರಿಯ ಕಲ್ಲಿನ ಲಂಗರಿದೆ. ಇವು ಒಂದೇ ಕಾಲದವಲ್ಲ. ಎರಡು ಮೂರು ಸಾವಿರ ವರ್ಷಗಳ ನೆನಪುಗಳು ಒಂದೇ ಹಡಗನ್ನೇರಿ ಕುಳಿತಿವೆ ಎಂದರೆ ಕಟ್ಟಿದವರು ಬೇಸರಪಟ್ಟುಕೊಳ್ಳಲಾರರೆಂದು ನನ್ನ ನಂಬಿಕೆ.

ಹಾಗಾದರೆ ಇದು ಸತ್ಯವೋ, ಸೊಗಸಾದ ಸುಳ್ಳೋ?

ಒಂದು ಶಬ್ದವನ್ನು ವಸ್ತುವಿಗೆ ಹೊಂದಿಸುವ ಕ್ರಮವನ್ನು ನಮ್ಮ ಆಚಾರ್ಯರು ನಾಲ್ಕು ನಿಕ್ಷೇಪಗಳಾಗಿ ವಿಂಗಡಿಸಿದ್ದಾರೆ: ನಾಮ, ಸ್ಥಾಪನಾ, ದ್ರವ್ಯ, ಭಾವ. ಕೌಂಡಿನ್ಯನೆಂಬ ಹೆಸರು ಬರಿಯ ನಾಮ. ಹಿಂದಿನದೊಂದರ ಆಕಾರವನ್ನು ಇಂದಿನ ಮರದಲ್ಲಿ ನಿಲ್ಲಿಸಿ 'ಇದು ಅದು' ಎಂದು ಭಾವಿಸುವುದು ಸ್ಥಾಪನಾ. ಮುಂದೆ ಹಡಗಾಗಲಿರುವ, ಅಥವಾ ಹಿಂದೆ ಹಡಗಾಗಿದ್ದ ವಸ್ತು ದ್ರವ್ಯ. ಹಾಯಿ ಬಿಚ್ಚಿ ನೀರನ್ನು ಸೀಳುತ್ತಿರುವ ಹೊತ್ತಿನ ಹಡಗು ಮಾತ್ರ ಭಾವ. ನಯಗಳಲ್ಲಿ ಕೊನೆಯದಾದ ಏವಂಭೂತನಯವೂ ಇಷ್ಟೇ ಕಟ್ಟುನಿಟ್ಟಿನದು. ದಾಟಿಸುತ್ತಿರುವಾಗಲಷ್ಟೇ ಅದಕ್ಕೆ ಹಡಗೆಂಬ ಹೆಸರು ಸಲ್ಲುತ್ತದೆ. ಬ್ರಿಟನ್ನಿನ ಟಿಮ್ ಸೆವೆರಿನ್ ಎಂಬ ಸಾಹಸಿ 1980ರಲ್ಲಿ ಒಮಾನಿನ ಸೂರ್ ಪಟ್ಟಣದಲ್ಲಿ 'ಸೋಹಾರ್' ಎಂಬ ಹೊಲಿದ ಹಡಗನ್ನು ಕಟ್ಟಿಸಿದರು. ಮರ ಮಲಬಾರಿನದು, ಹುರಿ ಹೊಲಿದ ಕೈಗಳು ಲಕ್ಷದ್ವೀಪದವು. ಅದು ಮರುವರ್ಷ ಚೀನದ ಕ್ಯಾಂಟನ್ ತಲುಪಿತು. ಆಮೇಲೆ ಅದನ್ನು ಮಸ್ಕತ್ತಿನಲ್ಲಿ ರಸ್ತೆಗಳು ಕೂಡುವ ವೃತ್ತವೊಂದರ ನಡುವೆ ತಂದು ನಿಲ್ಲಿಸಿದರು. ನಮ್ಮ ಲೆಕ್ಕದಲ್ಲಿ ಅದೀಗ ದ್ರವ್ಯನಿಕ್ಷೇಪಕ್ಕೆ ಸೇರಿದ್ದು.

ಈ ವಿಂಗಡಣೆಯ ಉಪಕಾರವೆಂದರೆ, ಪ್ರತಿಕೃತಿಯನ್ನು ಸುಳ್ಳೆಂದು ತಳ್ಳುವ ಅಗತ್ಯ ಉಳಿಯುವುದಿಲ್ಲ. ಯಾವ ಅಪೇಕ್ಷೆಯಿಂದ ಅದನ್ನು ಹಡಗೆನ್ನುತ್ತೇವೆಂದು ತಿಳಿಸಿಬಿಟ್ಟರೆ ಸಾಕು. ಅಪೇಕ್ಷೆಯನ್ನು ಮುಚ್ಚಿಟ್ಟಾಗಲಷ್ಟೇ ಸತ್ಯಾಣುವ್ರತಕ್ಕೆ ಭಂಗ.

ಆದರೆ ಹಲಗೆಗಿಂತ ಮಿಗಿಲಾದದ್ದೊಂದು ಇಲ್ಲಿದೆ. ಈಗಿನ ಮರದ ಹಡಗುಗಳಿಗೆ ಸಾಮಾನ್ಯವಾಗಿ ಮೊದಲು ಪಕ್ಕೆಲುಬುಗಳನ್ನು ನಿಲ್ಲಿಸಿ ಅನಂತರ ಹಲಗೆ ಹೊದಿಸುತ್ತಾರೆ. ಹೊಲಿಯುವ ಪದ್ಧತಿಯಲ್ಲಿ ಕ್ರಮ ತಿರುವುಮುರುವು. ಹಲಗೆಯ ಅಂಚಿಗೆ ಹಲಗೆಯನ್ನು ಹೊಲಿದು ಒಡಲನ್ನೇ ಮೊದಲು ಎಬ್ಬಿಸಬೇಕು, ಒಳಗಿನ ಪಕ್ಕೆ ಆಮೇಲೆ. ಹಬೆಯಲ್ಲಿ ಬೇಯಿಸಿದ ಹಲಗೆಯನ್ನು ಅದು ಆರುವ ಮೊದಲು ಬಗ್ಗಿಸಬೇಕು. ಅಂಚಿನುದ್ದಕ್ಕೂ ತೂತು ಕೊರೆದು, ಸಂದಿಯ ಮೇಲೆ ನಾರಿನ ಮೆತ್ತೆಯಿಟ್ಟು, ಇಬ್ಬರು ಆಚೆಯೊಬ್ಬ ಈಚೆಯೊಬ್ಬ ಕುಳಿತು ಹುರಿಯನ್ನು ಎಳೆದೆಳೆದು ಬಿಗಿಯಬೇಕು. ಬಿಗಿ ಎಷ್ಟಿರಬೇಕು? ಸಡಿಲಾದರೆ ನೀರು ಒಳಬರುತ್ತದೆ; ಮಿತಿಮೀರಿದರೆ ಹಲಗೆಯ ಅಂಚು ಸೀಳುತ್ತದೆ. ಈ 'ಎಷ್ಟು' ಎಂಬುದು ಯಾವ ಗ್ರಂಥದಲ್ಲೂ ಇಲ್ಲ. ಅದು ಅಂಗೈಯಲ್ಲಿದೆ. ಹೀಗೆ ಹೊಲಿದ ದೋಣಿಗಳ ಹುರಿ ಕೆಲಕಾಲಕ್ಕೆ ಸವೆಯುತ್ತದೆ. ಹಿಂದಿನವರು ಅದನ್ನು ಬಿಚ್ಚಿ ಹೊಸ ಹುರಿಯಿಂದ ಮತ್ತೆ ಹೊಲಿಯುತ್ತಿದ್ದರು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಸತ್ತಿನ ಲಕ್ಷಣವೆಂದು ಹೇಳಿದ ಉತ್ಪಾದ, ವ್ಯಯ, ಧ್ರೌವ್ಯಗಳಿಗೆ ಇದಕ್ಕಿಂತ ಕಣ್ಣಿಗೆ ಕಾಣುವ ಉದಾಹರಣೆಯನ್ನು ನಾನು ಬೇರೆ ಕಂಡಿಲ್ಲ. ಹುರಿ ಹೋಗುತ್ತದೆ, ಹುರಿ ಬರುತ್ತದೆ, ದೋಣಿ ನಿಲ್ಲುತ್ತದೆ. ಆದರೆ ಹೊಲಿಯಬಲ್ಲ ಕೊನೆಯ ಕೈ ಶಿಷ್ಯನಿಲ್ಲದೆ ಹೋಯಿತೆಂದರೆ ಅಲ್ಲಿ ವ್ಯಯ ಮಾತ್ರ ಉಳಿಯಿತು.

ಇಷ್ಟರ ಮಟ್ಟಿಗೆ ನಾನು ಪ್ರತಿಕೃತಿಯ ಪಕ್ಷಪಾತಿ. ಇಲ್ಲಿಂದ ಮುಂದೆ ತೊಡಕು.

ನಮ್ಮ ಪಶ್ಚಿಮ ಕರಾವಳಿಯಲ್ಲಿ ಮರದ ದೋಣಿಗಳಿಗೆ ಮೀನಿನ ಎಣ್ಣೆ ಬಳಿಯುವುದು ತಲೆತಲಾಂತರದ ರೂಢಿ. ಬೂತಾಯಿಯ ಎಣ್ಣೆ ಮರದೊಳಕ್ಕಿಳಿದು ನೀರನ್ನೂ ಹುಳುವನ್ನೂ ತಡೆಯುತ್ತದೆ. ಪರಂಪರೆಯ ವಿಧಾನವನ್ನು ಚಾಚೂ ತಪ್ಪದೆ ಅನುಸರಿಸುವೆವೆಂದು ಹೊರಟವರು ಇದನ್ನು ಬಿಡುವಂತಿಲ್ಲ. ಇನ್ನು ಮರ. ಶ್ರಾವಕನು ಬಿಡಬೇಕಾದ ಹದಿನೈದು ಕರ್ಮಾದಾನಗಳಲ್ಲಿ ಕಾಡು ಕಡಿಯುವ ವನಕರ್ಮವೂ ಬಂಡಿ ಮಾಡುವ ಶಕಟಕರ್ಮವೂ ಸೇರಿವೆ. ಪಾತ್ರೆಪಗಡೆ ಸಾಗಿಸಿ ಹೊಟ್ಟೆ ಹೊರೆಯಲು ಹಡಗು ಕಟ್ಟಿದವನ ಹಿಂಸೆಯನ್ನು ಉದ್ಯೋಗೀ ಹಿಂಸೆಯೆಂದು ಗೃಹಸ್ಥನ ಮಿತಿಯೊಳಗೆ ಸೇರಿಸಬಹುದು. ಹೊಟ್ಟೆಪಾಡಿಗಲ್ಲದೆ ಕೇವಲ ನೆನಪಿಗಾಗಿ ಮರವನ್ನು ಕಡಿದರೆ? "ಹಿರಿಯರು ಹಾಗೆಯೇ ಮಾಡುತ್ತಿದ್ದರು" ಎಂಬ ಉತ್ತರ ನಮಗೆ ಸಾಕಾಗುವುದೇ?

ಈ ಉತ್ತರವನ್ನು ಕನ್ನಡದ ಜೈನನು ಮೊದಲು ಕೇಳಿದ್ದು ಜನ್ನನ ಯಶೋಧರ ಚರಿತೆಯಲ್ಲಿ. 1209ರ ಆ ಕಾವ್ಯದಲ್ಲಿ ಚಂಡಮಾರಿಗೆ ಬಲಿ ಕೊಡೆಂದು ತಾಯಿ ಚಂದ್ರಮತಿ ಮಗನನ್ನು ಒತ್ತಾಯಿಸುತ್ತಾಳೆ. ಜೀವಹಿಂಸೆಗೊಪ್ಪದ ಯಶೋಧರ ಕಡೆಗೆ ಹಿಟ್ಟಿನ ಕೋಳಿಗೆ ಒಪ್ಪುತ್ತಾನೆ. ಅದೂ ಪ್ರತಿಕೃತಿಯೇ, ಅಲ್ಲಿ ಒಂದು ತೊಟ್ಟು ನೆತ್ತರಿಲ್ಲ. ಆದರೂ ಆ ಕತ್ತಿಯೇಟಿಗೆ ತಾಯಿ ಮಗ ಇಬ್ಬರೂ ನಾಯಿಯಾಗಿ, ನವಿಲಾಗಿ, ಜನ್ಮಜನ್ಮಾಂತರಗಳಲ್ಲಿ ಬೇಯುತ್ತಾರೆ. ಬಿಂಬಕ್ಕೆ ಕೈಮುಗಿದರೆ ಪುಣ್ಯವೆಂದು ನಂಬಿದ ಪರಂಪರೆಯೇ ಹಿಟ್ಟಿನ ಕೋಳಿಯನ್ನು ಕಡಿದರೆ ಪಾಪವೆಂದೂ ಹೇಳಿತು. ಎರಡಕ್ಕೂ ಆಧಾರ ಒಂದೇ: ಪ್ರತಿಕೃತಿಯು ಬರಿಯ ಆಟಿಕೆಯಲ್ಲ, ಅದರ ಮುಂದೆ ನಾವು ತಾಳುವ ಭಾವ ನಿಜವಾದದ್ದು. ಹಾಗಿರುವಾಗ 'ಇದು ಮಾದರಿ ತಾನೇ' ಎಂದು ಹಿಂಸೆಯನ್ನು ಹಗುರ ಮಾಡಿಕೊಳ್ಳುವ ದಾರಿ ನಮಗೆ ಮುಚ್ಚಿದೆ. 'ಇದು ಪರಂಪರೆ ತಾನೇ' ಎಂಬುದು ಚಂದ್ರಮತಿಯ ವಾದ, ಅದೂ ಮುಚ್ಚಿದೆ.

ಆದ್ದರಿಂದ ಹೊಲಿಗೆಯನ್ನು ಉಳಿಸಿ ಎಣ್ಣೆಯನ್ನು ಬದಲಿಸಬೇಕೆಂದು ನಾನು ಹೇಳುವೆ. ಆಗ ಅದು ಅಪ್ಪಟ ಪ್ರತಿಕೃತಿಯಲ್ಲವೆಂದು ಇತಿಹಾಸಕಾರರು ಆಕ್ಷೇಪಿಸಬಹುದು. ಆ ಆಕ್ಷೇಪ ನ್ಯಾಯವಾದದ್ದೇ. ಬದಲಿಸಿದ್ದನ್ನು ಬದಲಿಸಿದೆವೆಂದು ಹಲಗೆಯ ಮೇಲೆ ಬರೆದು ತೂಗುಹಾಕಿದರಾಯಿತು. ಪೂಜೆಗೆ ಪಟ್ಟೆಮಡಿಯೇ ಆಗಬೇಕೆಂದಿದ್ದ ಮನೆಗಳಲ್ಲಿ ರೇಷ್ಮೆಹುಳುವನ್ನು ನೆನೆದು ಹತ್ತಿಬಟ್ಟೆಗೆ ಬಂದವರು ನಮ್ಮ ನಡುವೆಯೇ ಎಷ್ಟು ಮಂದಿಯಿಲ್ಲ? ಅವರ ಪೂಜೆ ನಿಂತಿಲ್ಲ.

ಹಡಗಿನ ಮಾತನ್ನು ಉತ್ಸವದ ಸಂಚಿಕೆಯಲ್ಲಿ ಇಷ್ಟು ಬೆಳೆಸಿದ್ದಕ್ಕೆ ಕಾರಣವಿದೆ. ಕರಾವಳಿಯಿಂದ ವಯನಾಡಿನವರೆಗೆ, ಮನೆಯಲ್ಲಿ ಕನ್ನಡವೋ ತುಳುವೋ ಮಲಯಾಳವೋ ಆಡುವ ನಮ್ಮೆಲ್ಲರ ಊರುಗಳಲ್ಲೂ ಜೀರ್ಣೋದ್ಧಾರದ ಮಾತು ಎದ್ದಾಗ ಮೊದಲು ಬರುವ ಸಲಹೆ, ಇಳಿಜಾರು ಮಾಡಿನ ಗೆದ್ದಲು ತಿಂದ ಮರವನ್ನು ಕಳಚಿ ಕಾಂಕ್ರೀಟು ಹಾಕುವುದು. ಅದನ್ನು ನಾನು ತಪ್ಪೆನ್ನಲಾರೆ. ಮರ ಉಳಿಯುತ್ತದೆ, ಖರ್ಚೂ ಕೆಲವೊಮ್ಮೆ ಕಡಿಮೆ. ಆದರೆ ಹಾಕಿದ ಕಾಂಕ್ರೀಟಿನ ತೊಲೆಗೆ ಮರದ ಬಣ್ಣ ಬಳಿದು, ಗೆರೆ ಎಳೆದು, ಹಳೆಯದೇ ಇದೆಯೆಂಬಂತೆ ತೋರಿಸುವುದನ್ನು ಕಂಡಾಗ ಮನಸ್ಸು ಕುಗ್ಗುತ್ತದೆ. ಗೋವೆಯಲ್ಲಿ ಹೊಲಿದವರು ಹೊಸ ಮರದಲ್ಲಿ ಹಳೆಯ ವಿದ್ಯೆಯನ್ನು ಉಳಿಸಿದರು. ನಾವು ಬಣ್ಣದ ತೊಲೆಯಲ್ಲಿ ಮರವನ್ನೂ ಉಳಿಸಲಿಲ್ಲ, ವಿದ್ಯೆಯನ್ನೂ ಉಳಿಸಲಿಲ್ಲ. ಕೇವಲ ತೋರಿಕೆಯನ್ನು ಉಳಿಸಿದೆವು. ಕಾಂಕ್ರೀಟು ಕಾಂಕ್ರೀಟಾಗಿಯೇ ನಿಂತರೆ ಅದರ ಕೆಳಗೆ ಕುಳಿತು ಸಾಮಾಯಿಕ ಮಾಡುವವನಿಗೆ ಏನೂ ಕೊರತೆಯಿಲ್ಲ.

ಹಾಗೆಂದು ಮರವೇ ಆಗಬೇಕೆನ್ನುವವರ ಪ್ರಶ್ನೆಯೂ ಉಳಿದೇ ಇದೆ. ಹಳೆಯ ಪಕ್ಕಾಸುಗಳಲ್ಲಿ ಗಟ್ಟಿಯಿರುವುದನ್ನು ಆರಿಸಿ, ಬಿದ್ದ ಮರದಿಂದಲೋ ಕಳಚಿದ ಮನೆಗಳ ತೊಲೆಗಳಿಂದಲೋ ಉಳಿದುದನ್ನು ತುಂಬಿಸಬಹುದಲ್ಲವೇ ಎಂದು ಅವರು ಕೇಳುತ್ತಾರೆ. ತುಂಬಿಸಬಹುದು. ಆದರೆ ಆ ಹಳೆಯ ಜೋಡಣೆಯನ್ನು ಬಿಚ್ಚಿ ಮತ್ತೆ ಕೂಡಿಸಬಲ್ಲ ಆಚಾರಿ ಬೇಕು, ಅವನ ಹಿಂದೆ ಉಳಿ ಹಿಡಿದು ಕಲಿಯುವ ಹುಡುಗನೊಬ್ಬ ಬೇಕು. ಜೀರ್ಣೋದ್ಧಾರದ ಅಂದಾಜು ಪಟ್ಟಿಯಲ್ಲಿ ಸಿಮೆಂಟು, ಕಬ್ಬಿಣ, ಬಣ್ಣಗಳಿಗೆಲ್ಲ ಒಂದೊಂದು ಸಾಲು ಇರುತ್ತದೆ. ಆ ಹುಡುಗನ ಎರಡು ವರ್ಷದ ಕೂಲಿಗೆ ಒಂದು ಸಾಲು ಬರೆದ ಸಮಿತಿಯನ್ನು ನಾನಿನ್ನೂ ನೋಡಬೇಕಾಗಿದೆ.